ಬೆಕ್ಕಿನ ಆಟಿಕೆ, ನಾಯಿಯ ಹೊಟ್ಟೆ

ಸಂಭಾಜಿನಗರದ ಸೋದರಿಯೊಬ್ಬರಿಂದ ಈ ಸಲ ಕಾಗದ ಬಂದಿದೆ. ಅವರ ಮನೆಯಲ್ಲಿ ಒಂದು ಬೆಕ್ಕು, ಒಂದು ನಾಯಿ. ಪುಣೆಯಲ್ಲಿ ನೌಕರಿಗಿರುವ ಮಗ ಬೆಕ್ಕಿಗೆಂದು ಬಟ್ಟೆಯ ಇಲಿಯೊಂದನ್ನು ಆನ್‌ಲೈನಿನಲ್ಲಿ ಕೊಂಡು ಮನೆಗೆ ಕಳಿಸಿದ್ದಾನೆ. ಇಲಿಯ ಹೊಟ್ಟೆಯಲ್ಲಿ ‘ಕ್ಯಾಟ್‌ನಿಪ್’ ಎಂಬ ಒಣ ಸೊಪ್ಪು ತುಂಬಿದೆ. ಬೆಕ್ಕು ಅದನ್ನು ಮೂಸಿ, ತಬ್ಬಿ, ಅದರ ಮೇಲೆ ಉರುಳಾಡಿ, ಹತ್ತು ನಿಮಿಷದಲ್ಲಿ ಬೇಸರಪಟ್ಟು ಎದ್ದುಹೋಯಿತಂತೆ. ಅಂದಿನಿಂದ ಇಲಿ ನಾಯಿಯ ಸೊತ್ತು. ಅದನ್ನು ಕಚ್ಚಿಕೊಂಡು ಮಂಚದ ಅಡಿಯಲ್ಲಿ ಸೇರಿಕೊಂಡರೆ ಊಟಕ್ಕೆ ಕರೆದರೂ ಬರುವುದಿಲ್ಲ. “ಬೆಕ್ಕಿಗೆ ಅಮಲೇರಿಸುವ ಸೊಪ್ಪು ನಾಯಿಗೆ ವಿಷವಾಗದೆ? ಮಗನನ್ನು ಕೇಳಿದರೆ ನಗುತ್ತಾನೆ. ತಾವಾದರೂ ತಿಳಿಸಿರಿ” ಎಂದು ಬರೆದಿದ್ದಾರೆ.

ರೇಶನ್ ಕಾರ್ಡು, ವಾಸ್ತವ್ಯದ ದಾಖಲೆ, ಮಕ್ಕಳಿಗೆ ಯಾವ ಮಾಧ್ಯಮದ ಶಾಲೆ ಎಂಬಂಥ ಪ್ರಶ್ನೆಗಳಿಗೇ ಉತ್ತರ ಬರೆದು ರೂಢಿಯಾದ ನಮಗೆ ಈ ಪ್ರಶ್ನೆ ಹೊಸದು. ಆದರೆ ನಮ್ಮ ಬಂಧುಗಳ ಮನೆಗಳಲ್ಲಿ ನಾಯಿ ಸಾಕುವವರು ಈಗ ಕಡಿಮೆಯೇನಿಲ್ಲ. ಹಿರಿಯರ ಕಾಲದಲ್ಲಿ ನಾಯಿ ಎಂದರೆ ಹಿತ್ತಲಿನ ಪ್ರಾಣಿ. ಅದು ಬೇಕಾದ್ದನ್ನು ತಿಂದು, ಬೇಡಾದ್ದನ್ನು ಕಕ್ಕಿ, ಗರಿಕೆ ಅಗಿದು ತನ್ನ ವೈದ್ಯ ತಾನೇ ಮಾಡಿಕೊಳ್ಳುತ್ತಿತ್ತು. ಇಂದು ಅದೇ ನಾಯಿ ಮೂರನೆಯ ಮಾಳಿಗೆಯ ಎರಡು ಕೋಣೆಗಳ ಬಿಡಾರದಲ್ಲಿ ನಮ್ಮೊಡನೆ ವಾಸಿಸುತ್ತದೆ. ಅದರ ಬಾಯಿಗೆ ಏನು ಸಿಕ್ಕರೂ ಅದು ನಾವು ಇಟ್ಟದ್ದೇ, ನಾವು ಬೀಳಿಸಿದ್ದೇ. ಆದ್ದರಿಂದ ಸೋದರಿಯ ಕಾಳಜಿ ನಗುವಂಥದಲ್ಲ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಸೊಪ್ಪಿಗೆ ಹೆದರಬೇಕಾಗಿಲ್ಲ, ಇಲಿಗೆ ಹೆದರಬೇಕು. ನಾಶಿಕದಲ್ಲಿರುವವರಿಗಂತೂ ಇವೆರಡಕ್ಕಿಂತ ಹೆಚ್ಚಿನ ಹೆದರಿಕೆ ಅಡಿಗೆಮನೆಯ ಬುಟ್ಟಿಯಲ್ಲಿಯೇ ಇದೆ.

ಕ್ಯಾಟ್‌ನಿಪ್ ಎಂಬುದು ತುಳಸಿ, ಪುದೀನಗಳ ಕುಲಕ್ಕೇ ಸೇರಿದ ಗಿಡ. ಮೂಲ ಯುರೋಪು ಮತ್ತು ಏಷ್ಯಾ ಖಂಡಗಳ ತಂಪು ಸೀಮೆ. ಅದರ ಎಲೆಯಲ್ಲಿ ನೆಪೆಟಲ್ಯಾಕ್ಟೋನ್ ಎಂಬ ಸುವಾಸನೆಯ ಎಣ್ಣೆ ಇದೆ. ಬೆಕ್ಕು ಮೂಸಿದಾಗ ಅದರ ಮಿದುಳಿನಲ್ಲಿ ಸುಖ ಕೊಡುವ ವ್ಯವಸ್ಥೆಯೊಂದು ಎಚ್ಚರಗೊಳ್ಳುತ್ತದೆ. ಎಲ್ಲ ಬೆಕ್ಕುಗಳಿಗೂ ಹೀಗಾಗುವುದಿಲ್ಲ. ಮೂರರಲ್ಲಿ ಎರಡಕ್ಕೆ ಆದೀತು. ಇದು ವಂಶದಿಂದ ಬರುವ ಗುಣವೆಂದು 1962ರಲ್ಲಿಯೇ ಒಂದು ಸಂಶೋಧನೆ ಪ್ರಕಟವಾಗಿದೆ. ಎಳೆಯ ಮರಿಗಳಿಗೆ ಅಮಲೇರುವುದಿಲ್ಲ. ಏರಿದವಕ್ಕೂ ಹತ್ತು ಹದಿನೈದು ನಿಮಿಷದಲ್ಲಿ ಇಳಿದುಹೋಗಿ, ಮುಂದೆ ಸ್ವಲ್ಪ ಹೊತ್ತು ಅದೇ ಸೊಪ್ಪನ್ನು ಮೂಗಿಗೆ ಹಿಡಿದರೂ ಏನೂ ಅನಿಸುವುದಿಲ್ಲ. ಬೆಕ್ಕಿಗೇಕೆ ಈ ಹುಚ್ಚು ಎಂಬುದಕ್ಕೆ ಜಪಾನಿನ ವಿಜ್ಞಾನಿಗಳು 2021ರಲ್ಲಿ ಚೆಂದದ ಕಾರಣವೊಂದನ್ನು ಕೊಟ್ಟರು. ಇಂಥ ಗಿಡಗಳ ರಸ ಮೈಗೆ ತಗಲಿದ ಬೆಕ್ಕಿನ ಮೇಲೆ ಸೊಳ್ಳೆ ಕೂರುವುದು ಕಡಿಮೆಯಾಗುತ್ತದೆ. ಅಂದರೆ ನಾವು ಸಂಜೆಗೆ ಕೈಕಾಲಿಗೆ ಸೊಳ್ಳೆಯ ಮುಲಾಮು ಹಚ್ಚಿಕೊಳ್ಳುವಂತೆ ಬೆಕ್ಕು ಉರುಳಾಡುತ್ತದೆ. ಅದಕ್ಕೆ ಮಾತ್ರ ಆ ಕೆಲಸ ಆನಂದವಾಗಿದೆ, ನಮಗೆ ಬೇಸರ.

ನಾಯಿಗೆ ಈ ಆನಂದವಿಲ್ಲ. ಕ್ಯಾಟ್‌ನಿಪ್ ಮೂಸಿ ನಾಯಿ ಹುಚ್ಚೇಳುವುದಿಲ್ಲ. ಕೆಲವು ನಾಯಿಗಳು ತಿಂದಮೇಲೆ ತುಸು ಮಂಕಾಗಿ ಮಲಗಬಹುದು, ಅಷ್ಟೆ. ನಾಯಿಯ ಮಟ್ಟಿಗೆ ಅದು ವಿಷದ ಗಿಡವಲ್ಲ. ಆದರೆ ಒಂದು ಇಲಿಯ ಹೊಟ್ಟೆಯಷ್ಟನ್ನೂ ಒಮ್ಮೆಲೆ ನುಂಗಿದರೆ ವಾಂತಿಯೋ ಭೇದಿಯೋ ಆದೀತು. ಯಾವ ಸೊಪ್ಪನ್ನು ಅತಿಯಾಗಿ ತಿಂದರೂ ಆಗುವುದು ಅದೇ. ಎಲೆಯ ಬದಲು ಸೀಸೆಯಲ್ಲಿ ಬರುವ ಗಟ್ಟಿ ಎಣ್ಣೆ ಇದ್ದರೆ ಅದನ್ನು ಮಾತ್ರ ದೂರವಿಡುವುದು ಒಳಿತು. ನಾಯಿಗೆ ಹಿಡಿಸುವ ಪರಿಮಳ ಬೇರೆ. ಅದು ವಿಲಾಯತಿ ಸೋಂಪು. ಇಂಗ್ಲೆಂಡಿನಲ್ಲಿ ಬೇಟೆನಾಯಿಗಳನ್ನು ಪ್ರಾಣಿಯಿಲ್ಲದೆ ಓಡಿಸುವ ಆಟದಲ್ಲಿ ಸೋಂಪಿನ ಎಣ್ಣೆ ಅದ್ದಿದ ಬಟ್ಟೆಯನ್ನು ನೆಲಕ್ಕೆ ಎಳೆದುಕೊಂಡು ಹೋಗಿ, ಆ ಜಾಡಿನಲ್ಲಿ ನಾಯಿಗಳನ್ನು ಬಿಡುತ್ತಾರೆ.

ಇನ್ನು ಇಲಿಯ ವಿಚಾರ. ಬೆಕ್ಕಿನ ಆಟಿಕೆಯನ್ನು ಮಾಡಿದವನು ಬೆಕ್ಕಿನ ಬಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿರುತ್ತಾನೆ. ಬೆಕ್ಕು ಉಗುರಿನಿಂದ ಕೆದಕುತ್ತದೆ, ಹಲ್ಲಿನಿಂದ ಚುಚ್ಚುತ್ತದೆ, ಎಸೆದು ಹಿಡಿಯುತ್ತದೆ. ನಾಯಿ ಹಾಗಲ್ಲ. ಅದು ಅಗಿಯುತ್ತದೆ, ಸೀಳುತ್ತದೆ, ಕೊನೆಗೆ ನುಂಗುತ್ತದೆ. ಬಟ್ಟೆಯ ಇಲಿಗೆ ನೂಲಿನ ಬಾಲ, ಗಾಜಿನ ಮಣಿಯ ಕಣ್ಣು, ಕೊರಳಿಗೊಂದು ಗೆಜ್ಜೆ, ಕೆಲವಕ್ಕೆ ಗರಿ. ಒಳಗೆ ಪೀ ಪೀ ಎನ್ನುವ ಪ್ಲಾಸ್ಟಿಕ್ಕಿನ ಬುರುಡೆ. ಇನ್ನು ಕೆಲವಕ್ಕೆ ಗುಂಡಿಯಂಥ ಬ್ಯಾಟರಿ. ದೊಡ್ಡ ನಾಯಿಯಾದರೆ ಇಡೀ ಇಲಿಯೇ ಒಂದು ತುತ್ತು. ಗಂಟಲಲ್ಲಿ ಸಿಕ್ಕಿಕೊಂಡರೆ ನಿಮಿಷಗಳ ಮಾತು. ಬ್ಯಾಟರಿಯಂತೂ ಅನ್ನನಾಳದಲ್ಲಿ ನಿಂತರೆ ಕೆಲವೇ ಗಂಟೆಗಳಲ್ಲಿ ಅದನ್ನು ಸುಟ್ಟು ತೂತು ಮಾಡಬಲ್ಲುದು.

ಇವೆಲ್ಲದರಲ್ಲಿ ಕಪಟಿಯೆಂದರೆ ನೂಲು. ಗುಂಡಗಿನ ವಸ್ತು ಕರುಳಿನಲ್ಲಿ ಒಂದೆಡೆ ಸಿಕ್ಕಿಕೊಳ್ಳುತ್ತದೆ. ಕೆಲವೊಮ್ಮೆ ಅದೃಷ್ಟವಿದ್ದರೆ ಹೊರಗೂ ಬೀಳುತ್ತದೆ. ನೂಲು ಹಾಗಲ್ಲ. ಅದರ ಒಂದು ತುದಿ ನಾಲಗೆಯ ಬುಡದಲ್ಲಿಯೋ ಹೊಟ್ಟೆಯ ಬಾಯಲ್ಲಿಯೋ ಸಿಕ್ಕಿ ನಿಂತುಬಿಡುತ್ತದೆ, ಉಳಿದದ್ದು ಕರುಳಿಗೆ ಇಳಿಯುತ್ತದೆ. ಕರುಳು ಅದನ್ನು ಮುಂದಕ್ಕೆ ತಳ್ಳಲು ಹೆಣಗುತ್ತ ಹೆಣಗುತ್ತ ಲಾಡಿ ಎಳೆದ ಚೀಲದಂತೆ ತಾನೇ ನೆರಿಗೆಗಟ್ಟುತ್ತದೆ. ನೂಲು ಗರಗಸದಂತೆ ಕರುಳನ್ನು ಕೊಯ್ಯುತ್ತದೆ. ನಮ್ಮ ವಸತಿಯ ಎದುರು ಸಾಲಿನ ಮನೆಯಲ್ಲಿ ಎಂಟು ತಿಂಗಳ ಮರಿಯೊಂದಕ್ಕೆ ಹೀಗೇ ಆಯಿತು. ಎರಡು ದಿನ ಅದು ತಿಂದದ್ದನ್ನೆಲ್ಲ ಕಕ್ಕಿತು. ಬಿಸಿಲಿನ ದೋಷವೆಂದು ಮಜ್ಜಿಗೆ ಕೊಟ್ಟರು. ಮೂರನೆಯ ದಿನ ಅದರ ಹಿಂದುಗಡೆ ನೂಲಿನ ತುದಿಯೊಂದು ಕಾಣಿಸಿತು. ಮನೆಯ ಹುಡುಗ ಎಳೆಯಹೋದ. ಪುಣ್ಯಕ್ಕೆ ಅವನ ಅಜ್ಜಿ ಕೈ ಹಿಡಿದು ನಿಲ್ಲಿಸಿದರು. ಎಳೆದಿದ್ದರೆ ಕರುಳು ಹರಿಯುತ್ತಿತ್ತು ಎಂದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಆಮೇಲೆ ಹೇಳಿದರು. ಮರಿ ಬದುಕಿತು. ಆ ತಿಂಗಳು ಆ ಮನೆಯವರ ಸಂಬಳದ ಬಹುಭಾಗ ಅದರ ಹೊಟ್ಟೆಗೇ ಹೋಯಿತು; ಅದನ್ನು ಯಾರೂ ಒಂದು ಮಾತಿನಲ್ಲಿಯೂ ಆಡಿತೋರಿಸಲಿಲ್ಲ ಎಂಬುದು ನಮಗೆ ನೆನಪಿದೆ.

ಆದ್ದರಿಂದ ನೆನಪಿಡಬೇಕಾದ್ದು ಇಷ್ಟು. ನಾಯಿಯ ಬಾಯಲ್ಲಾಗಲಿ ಬಾಲದ ಕೆಳಗಾಗಲಿ ನೂಲು ಕಂಡರೆ ಎಳೆಯಬಾರದು, ಕತ್ತರಿಸಲೂಬಾರದು. ಹಾಗೆಯೇ ವೈದ್ಯರ ಬಳಿಗೆ ಒಯ್ಯಬೇಕು. ಮತ್ತೆ ಮತ್ತೆ ವಾಂತಿ, ಅನ್ನ ಬೇಡವೆನ್ನುವುದು, ಮಲವಿಸರ್ಜನೆ ನಿಲ್ಲುವುದು, ಮುಂಗಾಲು ಚಾಚಿ ಹಿಂಭಾಗವನ್ನು ಎತ್ತಿ ನಿಲ್ಲುವುದು, ಇವು ಕರುಳು ಕಟ್ಟಿದ ಲಕ್ಷಣಗಳು. ಆಟಿಕೆಯ ತುಂಡೊಂದು ಕಾಣೆಯಾಗಿದ್ದರಂತೂ ಒಂದು ರಾತ್ರಿ ನೋಡೋಣವೆನ್ನುವುದು ಸಲ್ಲದು. ಬೇಸಗೆಯಲ್ಲಿ ಮಾವಿನ ಗೊರಟೆಯೂ ಮುಸುಕಿನ ಜೋಳದ ದಿಂಡೂ ಇದೇ ಕೆಲಸ ಮಾಡುತ್ತವೆ. ಇವನ್ನು ನಾಯಿಯ ಮುಂದೆ ಎಸೆಯುವವರು ಪ್ರೀತಿಯಿಂದಲೇ ಎಸೆಯುತ್ತಾರೆ.

ಪ್ರೀತಿಯ ಮಾತು ಬಂದದ್ದರಿಂದ ನಾಶಿಕದ ದ್ರಾಕ್ಷಿಗೆ ಬರುತ್ತೇವೆ. ಸಂಕ್ರಾಂತಿ ಕಳೆದು ಯುಗಾದಿ ಮುಗಿಯುವವರೆಗೆ ಈ ಊರಿನಲ್ಲಿ ದ್ರಾಕ್ಷಿ ಇಲ್ಲದ ಮನೆ ಇಲ್ಲ. ನಿಫಾಡ, ದಿಂಡೋರಿ, ಪಿಂಪಳಗಾಂವಗಳ ತೋಟಗಳಿಂದ ಪೆಟ್ಟಿಗೆಗಟ್ಟಲೆ ಬರುತ್ತದೆ. ಕಚೇರಿಯ ಜೊತೆಗಾರರು ಕೊಡುತ್ತಾರೆ, ನೆರೆಯವರು ಕೊಡುತ್ತಾರೆ. ವಿಜಾಪುರದ ಕಡೆಯ ನಮ್ಮ ಬಂಧುಗಳು ಊರಿಗೆ ಹೋಗಿ ಬಂದರೆ ಒಣದ್ರಾಕ್ಷಿಯ ಪೊಟ್ಟಣ ಇದ್ದೇ ಇರುತ್ತದೆ. ಮಗುವಿಗೊಂದು, ನಾಯಿಗೊಂದು ಎಂದು ಎಸೆಯುವುದು ಯಾರಿಗೂ ತಪ್ಪೆಂದು ತೋರುವುದಿಲ್ಲ. ಆದರೆ ದ್ರಾಕ್ಷಿ, ಅದರಲ್ಲಿಯೂ ಒಣದ್ರಾಕ್ಷಿ, ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲುದು.

ಕೆಲವು ವರ್ಷಗಳ ಹಿಂದೆ ಇಲ್ಲಿಯ ಬಂಧುಗಳೊಬ್ಬರ ಮನೆಯಲ್ಲಿ ಬಿಳಿಯ ಪೊಮರೇನಿಯನ್ ನಾಯಿ ಇತ್ತು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಧಾರವಾಡದ ಕಡೆಯಿಂದ ಬಂದ ತಾಯಿ ದಿನವೆಲ್ಲ ಮನೆಯಲ್ಲಿ ಒಬ್ಬರೇ. ಅವರಿಗೆ ಮರಾಠಿ ಬಾರದು. ಆ ಕಟ್ಟಡದಲ್ಲಿ ಅವರ ಕನ್ನಡ ತಿಳಿಯುತ್ತಿದ್ದುದು ಆ ನಾಯಿಯೊಂದಕ್ಕೇ ಎನ್ನಬೇಕು. ಒಂದು ಮಧ್ಯಾಹ್ನ ಇಬ್ಬರೂ ಕೂತು ಒಂದು ದೊಡ್ಡ ಗೊಂಚಲನ್ನು ಹಂಚಿಕೊಂಡು ತಿಂದರು. ರಾತ್ರಿ ನಾಯಿ ವಾಂತಿ ಮಾಡಿತು. ಮರುದಿನ ಸುಮ್ಮನೆ ಮಲಗಿತ್ತು. ಮೂರನೆಯ ದಿನ ಅದಕ್ಕೆ ಮೂತ್ರ ಇಳಿಯಲಿಲ್ಲ. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಮೂತ್ರಪಿಂಡಗಳು ನಿಂತುಹೋಗಿದ್ದವು. ಆ ತಾಯಿಗೆ ಕಾರಣವನ್ನು ಯಾರೂ ಹೇಳಿಲ್ಲ. ಅವರು ಈಗ ಊರಿಗೆ ಮರಳಿದ್ದಾರೆ.

ಇದು ಜಗತ್ತಿಗೇ ತಡವಾಗಿ ತಿಳಿದ ಸಂಗತಿ. ದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡುತ್ತದೆಂದು ಅಮೆರಿಕದ ಪಶುವೈದ್ಯರು ತಮ್ಮ ಪತ್ರಿಕೆಯಲ್ಲಿ ಬರೆದದ್ದು 2001ರಲ್ಲಿ. ಹಣ್ಣಿನಲ್ಲಿರುವ ಯಾವ ವಸ್ತು ಕಾರಣವೆಂಬುದು ಮುಂದೆ ಇಪ್ಪತ್ತು ವರ್ಷ ಹೊಳೆಯಲಿಲ್ಲ. ಹೊಳೆದ ಬಗೆ ಸ್ವಾರಸ್ಯವಾಗಿದೆ. ಮಕ್ಕಳ ಆಟಕ್ಕೆಂದು ಮನೆಯಲ್ಲಿ ಕಲಸಿದ ಹಿಟ್ಟಿನ ಮುದ್ದೆಯನ್ನು ಒಂದು ನಾಯಿ ತಿಂದಿತು. ದ್ರಾಕ್ಷಿ ತಿಂದಂತೆಯೇ ಅದರ ಮೂತ್ರಪಿಂಡ ಕೆಟ್ಟಿತು. ಆ ಹಿಟ್ಟಿಗೆ ಕ್ರೀಮ್ ಆಫ್ ಟಾರ್ಟರ್ ಹಾಕಿದ್ದರು. ಅದು ಟಾರ್ಟಾರಿಕ್ ಆಮ್ಲದ ಲವಣ; ದ್ರಾಕ್ಷಾರಸದ ಪೀಪಾಯಿಗಳ ಗೋಡೆಗೆ ಹರಳುಗಟ್ಟುವ ವಸ್ತು. ದ್ರಾಕ್ಷಿಯಲ್ಲಿ ಈ ಆಮ್ಲ ವಿಶೇಷವಾಗಿದೆ. ಇದೇ ದೋಷಿಯೆಂಬ ಬಲವಾದ ಅನುಮಾನವನ್ನು 2021ರಲ್ಲಿ ಅಲ್ಲಿಯ ಪ್ರಾಣಿ ವಿಷಚಿಕಿತ್ಸಾ ಕೇಂದ್ರದ ವೈದ್ಯರು ಮುಂದಿಟ್ಟರು. ತಳಿ, ಮಾಗುವಿಕೆಗಳನ್ನು ಅನುಸರಿಸಿ ಹಣ್ಣಿನಿಂದ ಹಣ್ಣಿಗೆ ಆಮ್ಲ ಹೆಚ್ಚು ಕಡಿಮೆಯಾಗುತ್ತದೆ. “ನಮ್ಮ ನಾಯಿ ವರ್ಷವೂ ತಿನ್ನುತ್ತದೆ, ಏನೂ ಆಗಿಲ್ಲ” ಎನ್ನುವವರ ಮಾತು ಸುಳ್ಳಲ್ಲ. ಆದರೆ ಮುಂದಿನ ಗೊಂಚಲಿನ ಮೇಲೆ ಆ ಮಾತು ನಡೆಯುವುದಿಲ್ಲ.

ಆಮ್ಲದ ಹೆಸರು ಕೇಳಿದೊಡನೆ ನಮ್ಮ ಅಡಿಗೆ ಬಲ್ಲವರಿಗೆ ಇನ್ನೊಂದು ನೆನಪಾಗಬೇಕು. ಹುಣಿಸೆಹಣ್ಣಿನ ಹುಳಿಯೂ ಇದೇ ಟಾರ್ಟಾರಿಕ್ ಆಮ್ಲ. ಹುಣಿಸೆಹಣ್ಣು ತಿಂದ ನಾಯಿಗಳಿಗೂ ಅದೇ ಮೂತ್ರಪಿಂಡದ ಕೇಡಾದದ್ದನ್ನು ಅದೇ ವೈದ್ಯರು ದಾಖಲಿಸಿದ್ದಾರೆ. ಸಾರು, ಹುಳಿ, ಗೊಜ್ಜು, ಪುಳಿಯೋಗರೆ ಎಂದು ಹುಣಿಸೆಯಿಲ್ಲದೆ ಒಂದು ಹೊತ್ತೂ ಕಳೆಯದ ಜನ ನಾವು. ಮಿಕ್ಕಿದ್ದು ನಾಯಿಗೆ ಎಂಬುದು ನಮ್ಮ ಸಂಪ್ರದಾಯ. ಒಂದು ತುತ್ತು ತಿಳಿಸಾರಿನ ಅನ್ನದಿಂದ ಅನಾಹುತವಾಗುತ್ತದೆಂದು ನಾವು ಹೇಳುತ್ತಿಲ್ಲ. ಆದರೆ ಗೊಜ್ಜಿನ ಪಾತ್ರೆಯನ್ನು ನೆಕ್ಕಲು ಇಡುವುದೂ, ಹುಣಿಸೆಯ ಉಂಡೆ ಕೈಗೆಟಕುವ ಡಬ್ಬಿಯಲ್ಲಿರುವುದೂ ಬೇಡ. ನಾಯಿಗೆ ಬಿಳಿ ಅನ್ನ, ಅದರ ಮೇಲೆ ಸ್ವಲ್ಪ ಬೇಯಿಸಿದ ಬೇಳೆ ಬೇರೆ ತೆಗೆದಿಟ್ಟರೆ ಖರ್ಚೇನೂ ಹೆಚ್ಚುವುದಿಲ್ಲ.

ದ್ರಾಕ್ಷಿಯ ಜೊತೆಗೆ ನಾಶಿಕ ಜಿಲ್ಲೆಗೆ ಇನ್ನೊಂದು ಕೀರ್ತಿಯಿದೆ. ಉಳ್ಳಾಗಡ್ಡಿ ಎನ್ನಿರಿ, ಈರುಳ್ಳಿ ಎನ್ನಿರಿ, ಇಲ್ಲಿಯವರಂತೆ ಕಾಂದಾ ಎನ್ನಿರಿ. ಲಾಸಲಗಾಂವದ ಪೇಟೆಯ ಧಾರಣೆ ದಿಲ್ಲಿಯವರನ್ನೂ ನಡುಗಿಸುತ್ತದೆ. ಅದೂ ನಾಯಿಗೆ ಆಗದು. ಉಳ್ಳಾಗಡ್ಡಿಯ ಗಂಧಕದ ಅಂಶಗಳು ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಹುರಿದರೂ ಪುಡಿ ಮಾಡಿದರೂ ಗುಣ ಹೋಗದು. ಬೆಳ್ಳುಳ್ಳಿಯೂ ಅದೇ ಜಾತಿ. ಲಕ್ಷಣಗಳು ಕೆಲವು ದಿನ ಬಿಟ್ಟು ತೋರುತ್ತವೆ: ಒಸಡು ಬಿಳಚುತ್ತದೆ, ಮೂತ್ರ ಕಂದುಗೆಂಪಾಗುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಭಜಿ ತಿಂದದ್ದು ಅಷ್ಟರಲ್ಲಿ ಎಲ್ಲರಿಗೂ ಮರೆತಿರುತ್ತದೆ. ಬೆಕ್ಕಿಗಂತೂ ಇದು ನಾಯಿಗಿಂತ ಕೆಟ್ಟದ್ದು. ಸೋದರಿಯವರ ಮನೆಯಲ್ಲಿ ಅದೂ ಇದೆಯಲ್ಲ.

ಗುಮಾಸ್ತರ ಅಭ್ಯಾಸದಂತೆ ಸ್ವಲ್ಪ ಲೆಕ್ಕ ಹಾಕಿದೆವು. ನಾಯಿಯ ಒಂದು ಕಿಲೋ ತೂಕಕ್ಕೆ ಸುಮಾರು 20 ಗ್ರಾಂ ದ್ರಾಕ್ಷಿ, ಇಲ್ಲವೆ 3 ಗ್ರಾಂ ಒಣದ್ರಾಕ್ಷಿಯಿಂದಲೇ ಮೂತ್ರಪಿಂಡ ಕೆಟ್ಟ ಉದಾಹರಣೆಗಳಿವೆ. ಉಳ್ಳಾಗಡ್ಡಿ 15ರಿಂದ 30 ಗ್ರಾಂ. 5 ಕಿಲೋ ತೂಗುವ ಸಣ್ಣ ನಾಯಿಗೆ ಹಿಡಿದರೆ 100 ಗ್ರಾಂ ದ್ರಾಕ್ಷಿ, ಎಂದರೆ ಒಂದು ಚಿಕ್ಕ ಗೊಂಚಲು. 15 ಗ್ರಾಂ ಒಣದ್ರಾಕ್ಷಿ, ಎಂದರೆ ಪಾಯಸಕ್ಕೆ ಹಾಕುವ ಒಂದು ಹಿಡಿಗಿಂತ ಕಡಿಮೆ. ಒಂದು ದೊಡ್ಡ ಉಳ್ಳಾಗಡ್ಡಿ. ನಮ್ಮ ಮುಧೋಳದ ನಾಯಿ 20 ಕಿಲೋ ಮೀರಿ ತೂಗುವುದರಿಂದ ಅದಕ್ಕೆ ತುಸು ಹೆಚ್ಚು ತಡೆಯುವ ಶಕ್ತಿ ಇದ್ದೀತು. (ಮಹಾರಾಷ್ಟ್ರದಲ್ಲಿ ಅದನ್ನು ಕಾರವಾನ್ ಎಂದು ಕರೆಯುತ್ತಾರೆ. ಗಡಿ ದಾಟಿದೊಡನೆ ಹೆಸರು ಬದಲಾಗುವುದು ನಾಯಿಗೂ ತಪ್ಪಿಲ್ಲ.) ಆದರೆ ಈ ಅಂಕಿಗಳ ಕೆಳಗೆ ಭಯವಿಲ್ಲವೆಂದು ಯಾರೂ ಭಾವಿಸಬಾರದು. ದ್ರಾಕ್ಷಿಗೆ ಇಷ್ಟರವರೆಗೆ ಕ್ಷೇಮವೆಂಬ ಗೆರೆಯನ್ನು ವೈದ್ಯರು ಎಳೆದಿಲ್ಲ.

ತಿಂದದ್ದು ಕಂಡರೆ ಏನು ಮಾಡಬೇಕು? ವಾಂತಿಯಾಗುವವರೆಗೆ ಕಾಯಬಾರದು. ತಿಂದ ಒಂದೆರಡು ಗಂಟೆಯೊಳಗೆ ವೈದ್ಯರ ಬಳಿ ಮುಟ್ಟಿಸಿದರೆ ಅವರು ಚುಚ್ಚುಮದ್ದಿನಿಂದ ಕಕ್ಕಿಸುತ್ತಾರೆ, ಆಮೇಲೆ ಎರಡು ದಿನ ನರಕ್ಕೆ ನೀರು ಹಾಯಿಸಿ ಮೂತ್ರಪಿಂಡವನ್ನು ಕಾಯುತ್ತಾರೆ. ಮನೆಯಲ್ಲಿ ಉಪ್ಪುನೀರು ಕುಡಿಸಿ ಕಕ್ಕಿಸುವ ಹಳೆಯ ಪದ್ಧತಿ ಬೇಡ. ಉಪ್ಪೇ ನಾಯಿಗೆ ವಿಷವಾಗಬಹುದು. ವಿಷ ಇಳಿಸಲು ಹುಣಿಸೆನೀರು ಹಾಕುವವರೂ ನಮ್ಮಲ್ಲಿದ್ದಾರೆ. ದ್ರಾಕ್ಷಿ ತಿಂದ ನಾಯಿಗೆ ಅದನ್ನು ಕುಡಿಸಿದರೆ ಏನಾಗುವುದೆಂದು ಮೇಲಿನದನ್ನು ಓದಿದವರಿಗೆ ಹೇಳಬೇಕಾಗಿಲ್ಲ. ಇನ್ನು, ಹಗಲು ಮನೆಯಲ್ಲಿ ಹಿರಿಯರು ಒಬ್ಬರೇ ಇರುವ ಕಡೆ ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿರಿ. ಮೇಲೆ ಹತ್ತಿರದ ಪಶುವೈದ್ಯರ ದೂರವಾಣಿ, ರಾತ್ರಿ ತೆರೆದಿರುವ ಇನ್ನೊಬ್ಬರದು. ಕೆಳಗೆ ಕನ್ನಡ ಅಕ್ಷರಗಳಲ್ಲಿಯೇ ಎರಡು ಮರಾಠಿ ವಾಕ್ಯ: ‘ಕುತ್ರ್ಯಾನೇ ದ್ರಾಕ್ಷೇ ಖಾಲ್ಲೀ’, ನಾಯಿ ದ್ರಾಕ್ಷಿ ತಿಂದಿದೆ, ‘ಕುತ್ರ್ಯಾನೇ ದೋರಾ ಗಿಳಲಾ’, ನಾಯಿ ನೂಲು ನುಂಗಿದೆ. ಇಷ್ಟನ್ನು ಓದಿ ಹೇಳಿದರೆ ಆ ಕಡೆಯವರು ಮುಂದಿನದನ್ನು ತಾವೇ ಕೇಳುತ್ತಾರೆ.

ಸೋದರಿಯವರಿಗೆ ನಮ್ಮ ಸಲಹೆ: ಇಲಿಯನ್ನು ನಾಯಿಯಿಂದ ಬಿಡಿಸಿಕೊಳ್ಳಿರಿ. ಎಳೆದಾಡಿದರೆ ಅದು ಆಟವೆಂದು ತಿಳಿದು ಇನ್ನೂ ಬಿಗಿ ಹಿಡಿದೀತು, ಇಲ್ಲವೆ ಗಡಬಡಿಸಿ ನುಂಗೀತು. ಒಂದು ತುಂಡು ರೊಟ್ಟಿ ತೋರಿಸಿದರೆ ತಾನೇ ಬಾಯಿ ಬಿಡುತ್ತದೆ. ಬಾಲ, ಕಣ್ಣು, ಗೆಜ್ಜೆ ಎಲ್ಲವೂ ಇವೆಯೇ ಎಂದು ಎಣಿಸಿ ನೋಡಿರಿ. ಬೆಕ್ಕಿಗೆ ಕೊಡುವುದಾದರೆ ನಾಯಿಯನ್ನು ಬೇರೆ ಕೋಣೆಯಲ್ಲಿರಿಸಿ, ಬಾಲ ಕತ್ತರಿಸಿ, ಹತ್ತು ನಿಮಿಷ ಕೊಟ್ಟು ಮತ್ತೆ ಪೆಟ್ಟಿಗೆಯಲ್ಲಿಡಿರಿ. ಬೆಕ್ಕಿಗೆ ಅಷ್ಟೇ ಸಾಕು. ನಾಯಿಗೆ ಅದರ ಬಾಯಿಗಿಂತ ದೊಡ್ಡದಾದ ಗಟ್ಟಿ ರಬ್ಬರಿನ ಆಟಿಕೆ ಒಂದಿರಲಿ.

ಕಾಗದದ ಕೊನೆಗೆ ಅವರು ಇನ್ನೊಂದು ಕೇಳಿದ್ದಾರೆ. ಊರಿನಲ್ಲಿ ಅವರ ತಂದೆ ಹಿತ್ತಲಿನ ಕುಪ್ಪಿಗಿಡವನ್ನು ಕಿತ್ತುಹಾಕಿದರೆ ಓಣಿಯ ಬೆಕ್ಕುಗಳೆಲ್ಲ ಬಂದು ಅದರ ಬೇರಿನ ಮೇಲೆ ಹೊರಳಾಡುತ್ತಿದ್ದವಂತೆ. ಪರದೇಶದ ಸೊಪ್ಪಿನ ಬದಲು ಅದನ್ನೇ ಚೀಲದಲ್ಲಿ ಹೊಲಿದು ಕೊಡಬಹುದೆ? ಅವರ ನೆನಪು ನಿಜ. ಹಾಳುಗೋಡೆಯ ಬದಿಯಲ್ಲಿ, ತಿಪ್ಪೆಯ ಪಕ್ಕದಲ್ಲಿ ಬೆಳೆಯುವ ಈ ಗಿಡವನ್ನು ಮರಾಠಿಯಲ್ಲಿ ಖೋಕಲಿ ಎನ್ನುತ್ತಾರೆ. ಅದರ ಬೇರಿನಲ್ಲಿ ಕ್ಯಾಟ್‌ನಿಪ್ಪಿನ ಎಣ್ಣೆಗೆ ಹತ್ತಿರದ ಬಂಧುವಾದ ವಸ್ತು ಇದೆ. ಆದರೆ ಅದೇ ಗಿಡದಲ್ಲಿ ಅಕಾಲಿಫಿನ್ ಎಂಬ, ಸಯನೈಡು ಬಿಡುಗಡೆ ಮಾಡುವ ಅಂಶವೂ ಇದೆ. ಬೆಕ್ಕು ಮೂಸಿ ಹೊರಳಿ ಎದ್ದುಹೋಗುತ್ತದೆ. ಮಂಚದ ಅಡಿಯಲ್ಲಿ ಕೂತು ಅಗಿಯುವ ನಾಯಿ ಇರುವ ಮನೆಗೆ ಆ ಚೀಲ ಬೇಡ.